ಗರ್ಭನಿರೋಧಕ ಮತ್ತು ಮನಸ್ಸು: ಮಾತ್ರೆಯೋ, ವಂಕಿಯೋ, ಚುಚ್ಚುಮದ್ದೋ?

ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೇಲೆ ಮನಸ್ಸೇ ಮಂಕಾಯಿತು ಎನ್ನುವವರಿದ್ದಾರೆ. ಅದೇ ಮಾತ್ರೆಯಿಂದ ಮುಟ್ಟಿನ ಹಿಂದಿನ ವಾರದ ಸಿಟ್ಟು, ಅಳು, ಆತಂಕ ಎಲ್ಲ ಹತೋಟಿಗೆ ಬಂತು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜ. ಹಾಗಾಗಿ ‘ಮನಸ್ಸಿಗೆ ಒಳ್ಳೆಯ ಮಾತ್ರೆ ಯಾವುದು’ ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಿಗುವುದಿಲ್ಲ. ಪ್ರತಿ ವಿಧಾನದ ಬಗ್ಗೆಯೂ ಮೂರು ಪ್ರಶ್ನೆ ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಅದು ಅಂಡೋತ್ಪತ್ತಿಯನ್ನು ನಿಲ್ಲಿಸುತ್ತದೆಯೇ? ಹಾರ್ಮೋನಿನ ಮಟ್ಟ ಒಂದೇ ಸಮ ಇರುತ್ತದೆಯೇ, ಏರಿಳಿಯುತ್ತದೆಯೇ? ಮೈಗೆ ಒಗ್ಗದಿದ್ದರೆ ಎಷ್ಟು ಬೇಗ ನಿಲ್ಲಿಸಬಹುದು?

ಈ ಪ್ರಶ್ನೆಗಳಿಗೆ ಬೆಲೆ ಬರುವುದು ನಿಮ್ಮ ತೊಂದರೆ ಯಾವ ಬಗೆಯದು ಎಂದು ಗೊತ್ತಾದ ಮೇಲೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಎರಡು ತಿಂಗಳ ಲೆಕ್ಕ

ಒಂದು ನೋಟ್‌ಬುಕ್ ಸಾಕು. ನಿಮ್ಮನ್ನು ಹೆಚ್ಚು ಕಾಡುವ ನಾಲ್ಕೈದು ಲಕ್ಷಣಗಳನ್ನು ಎಡಗಡೆ ಬರೆದುಕೊಳ್ಳಿ: ಸಿಟ್ಟು, ಅಳು, ಆತಂಕ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ. ಪ್ರತಿ ರಾತ್ರಿ ಮಲಗುವ ಮುಂಚೆ ಒಂದೊಂದಕ್ಕೂ 1ರಿಂದ 6ರವರೆಗೆ ಅಂಕ ಕೊಡಿ. 1 ಎಂದರೆ ಏನೂ ಇಲ್ಲ, 6 ಎಂದರೆ ವಿಪರೀತ. ರಕ್ತಸ್ರಾವ ಶುರುವಾದ ದಿನಕ್ಕೆ ಗುರುತು ಹಾಕಿ. ಹೀಗೆ ಎರಡು ಮುಟ್ಟಿನ ಚಕ್ರ ಪೂರ್ತಿ ಬರೆಯಬೇಕು.

ಸಾಮಾನ್ಯವಾಗಿ ಮೂರು ಬಗೆಯ ಚಿತ್ರ ಕಾಣುತ್ತದೆ. ಮುಟ್ಟು ಮುಗಿದ ವಾರದಲ್ಲಿ ಆತಂಕದ ಸಾಲು 1, 1, 2, 1 ಎಂದು ಇದ್ದು, ಮುಂದಿನ ಮುಟ್ಟಿಗೆ ಎಂಟು ದಿನ ಇರುವಾಗ 4, 5, 5, 6 ಎಂದು ಏರಿ, ಸ್ರಾವ ಶುರುವಾದ ಎರಡು ಮೂರು ದಿನದಲ್ಲಿ ಮತ್ತೆ 1ಕ್ಕೆ ಇಳಿದರೆ ಅದು ಮುಟ್ಟಿನ ಮುಂಚಿನ ತೊಂದರೆ. ಹಗುರವಾಗಿದ್ದರೆ ಪಿಎಂಎಸ್. ಕೆಲಸ, ಸಂಬಂಧಗಳನ್ನೇ ಕೆಡಿಸುವಷ್ಟು ತೀವ್ರವಾಗಿದ್ದರೆ ಪಿಎಂಡಿಡಿ. ಪಿಎಂಡಿಡಿ ಎನ್ನಲು 11 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಅವುಗಳಲ್ಲಿ ಒಂದಾದರೂ ಮನಸ್ಸಿಗೆ ಸಂಬಂಧಿಸಿದ್ದಾಗಿರಬೇಕು, ಎರಡು ಚಕ್ರಗಳ ದಿನದಿನದ ದಾಖಲೆ ಬೇಕು ಎಂಬುದು ಮನೋವೈದ್ಯರು ಬಳಸುವ ಮಾನದಂಡ. ಎರಡನೆಯ ಚಿತ್ರದಲ್ಲಿ ತಿಂಗಳಿಡೀ 3, 4 ಇದ್ದು ಮುಟ್ಟಿನ ಮುಂಚೆ 5, 6 ಆಗುತ್ತದೆ. ಅಲ್ಲಿ ಮೂಲದಲ್ಲಿ ಖಿನ್ನತೆಯೋ ಆತಂಕದ ಕಾಯಿಲೆಯೋ ಇದ್ದು, ಮುಟ್ಟಿನ ಮುಂಚೆ ಅದು ಉಲ್ಬಣಿಸುತ್ತಿದೆ. ಮೂರನೆಯದರಲ್ಲಿ ಮುಟ್ಟಿಗೂ ಅಂಕಗಳಿಗೂ ಸಂಬಂಧವೇ ಕಾಣುವುದಿಲ್ಲ.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ವಾರದ ಕೊನೆಗೆ ನೆನಪಿನಿಂದ ಒಟ್ಟಿಗೆ ತುಂಬುವುದು ಒಂದು. ಆಗ ಕೆಟ್ಟ ದಿನಗಳೆಲ್ಲ ತಾನಾಗಿ ಮುಟ್ಟಿನ ಹತ್ತಿರ ಹೋಗಿ ಕೂರುತ್ತವೆ. ಕೆಟ್ಟ ದಿನಗಳನ್ನು ಮಾತ್ರ ಬರೆಯುವುದು ಇನ್ನೊಂದು. ಒಳ್ಳೆಯ ದಿನಗಳ 1, 1, 1 ಇಲ್ಲದಿದ್ದರೆ ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಹಜ ಚಕ್ರ ಇರುವುದಿಲ್ಲವಾದ್ದರಿಂದ, ಅಂಕಗಳ ಪಕ್ಕದಲ್ಲಿ ಸ್ಟ್ರಿಪ್‌ನ ಎಷ್ಟನೇ ಮಾತ್ರೆ ಎಂದು ಬರೆಯಿರಿ.

ಇದೇ ಸಮಯದಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹದ ಅಳತೆ), ವಿಟಮಿನ್ ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಬ್ಬಿಣದ ಕೊರತೆಯ ಸುಸ್ತು ಖಿನ್ನತೆಯ ವೇಷದಲ್ಲಿ ಬರುವುದು ಬಹಳ ಸಾಮಾನ್ಯ.

ಮನಸ್ಸು ಹಾರ್ಮೋನಿಗೆ ಯಾಕೆ ಮಿಡಿಯುತ್ತದೆ

ಪಿಎಂಡಿಡಿ ಇರುವವರ ರಕ್ತ ಪರೀಕ್ಷೆ ಮಾಡಿದರೆ ಹಾರ್ಮೋನುಗಳು ಸಾಮಾನ್ಯ ಮಟ್ಟದಲ್ಲೇ ಇರುತ್ತವೆ. ‘ರಿಪೋರ್ಟ್ ನಾರ್ಮಲ್, ನಿಮಗೇನೂ ಆಗಿಲ್ಲ’ ಎಂದು ಕಳಿಸಿಬಿಡುವುದು ಇದೇ ಕಾರಣಕ್ಕೆ, ಮತ್ತು ಅದು ತಪ್ಪು. ತೊಂದರೆ ಇರುವುದು ಸಹಜ ಏರಿಳಿತಕ್ಕೆ ಮಿದುಳು ತೋರುವ ಪ್ರತಿಕ್ರಿಯೆಯಲ್ಲಿ. ಅಂಡೋತ್ಪತ್ತಿಯ ನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರುತ್ತದೆ. ಅದು ದೇಹದಲ್ಲಿ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಬದಲಾಗಿ ಮಿದುಳಿನ ಗಾಬಾ-ಎ ಗ್ರಾಹಕಗಳ ಮೇಲೆ ಕೂರುತ್ತದೆ. ಡಯಾಜೆಪಾಮ್‌ನಂಥ ಶಾಮಕ ಮಾತ್ರೆಗಳು ಕೆಲಸ ಮಾಡುವುದೂ ಇದೇ ಗ್ರಾಹಕಗಳ ಮೇಲೆ. ಬಹುತೇಕರಲ್ಲಿ ಇದರಿಂದ ಮನಸ್ಸು ಶಾಂತವಾಗುತ್ತದೆ. ಕೆಲವರಲ್ಲಿ ಮಾತ್ರ ಈ ಬದಲಾವಣೆಯೇ ಆತಂಕ, ಸಿಡುಕು ಹುಟ್ಟಿಸುತ್ತದೆ.

ಅಂಡೋತ್ಪತ್ತಿ ನಿಂತರೆ ಈ ಏರಿಳಿತವೂ ನಿಲ್ಲುತ್ತದೆ. ಮಾತ್ರೆಯಿಂದ ಸಿಗುವ ಲಾಭದ ಗುಟ್ಟು ಇದು. ಆದರೆ ಮಾತ್ರೆಯಲ್ಲಿರುವ, ಪ್ರೊಜೆಸ್ಟರಾನ್ ಹೋಲುವ ಕೃತಕ ಪ್ರೊಜೆಸ್ಟಿನ್‌ಗೂ ಕೆಲವರ ಮಿದುಳು ಹಾಗೇ ಮಿಡಿಯಬಹುದು. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಮೊದಲೇ ಹೇಳುವ ರಕ್ತ ಪರೀಕ್ಷೆ ಯಾವುದೂ ಇಲ್ಲ.

ಅಪಾಯ ಎಷ್ಟು?

ಡೆನ್ಮಾರ್ಕ್‌ನಲ್ಲಿ 15ರಿಂದ 34 ವಯಸ್ಸಿನ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹಾರ್ಮೋನ್ ವಿಧಾನ ಬಳಸುವವರು ಮೊದಲ ಬಾರಿಗೆ ಖಿನ್ನತೆಯ ಔಷಧಿ ಶುರು ಮಾಡುವ ಪ್ರಮಾಣ ಬಳಸದವರಿಗಿಂತ ಹೆಚ್ಚಿತ್ತು: ಸಂಯುಕ್ತ ಮಾತ್ರೆಗೆ (ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇರುವುದು) ಸುಮಾರು 1.2 ಪಟ್ಟು, ಪ್ರೊಜೆಸ್ಟಿನ್ ಮಾತ್ರದ ಮಾತ್ರೆಗೆ 1.3, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಗೆ 1.4, ಯೋನಿಯೊಳಗೆ ಇಡುವ ರಿಂಗ್‌ಗೆ 1.6, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗೆ 2 ಪಟ್ಟು. 15ರಿಂದ 19 ವಯಸ್ಸಿನವರಲ್ಲಿ ಸಂಯುಕ್ತ ಮಾತ್ರೆಗೇ 1.8 ಪಟ್ಟು. ಶುರು ಮಾಡಿದ ಸುಮಾರು ಆರು ತಿಂಗಳಿಗೆ ಈ ಏರಿಕೆ ಗರಿಷ್ಠ ಮಟ್ಟ ತಲುಪಿತ್ತು.

ಪಟ್ಟಿನ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ತಲೆಯೆಣಿಕೆಯಲ್ಲಿ ನೋಡಿದರೆ ವರ್ಷಕ್ಕೆ ಸಾವಿರ ಮಹಿಳೆಯರಲ್ಲಿ ಬಳಸದವರ ಪೈಕಿ 17 ಮಂದಿ, ಬಳಸುವವರ ಪೈಕಿ 22 ಮಂದಿ. ಸಾವಿರಕ್ಕೆ ಐದು ಜನರ ವ್ಯತ್ಯಾಸ. ಆ ಐವರ ಪಾಲಿಗೆ ಇದು ದೊಡ್ಡ ವಿಷಯವೇ, ಉಳಿದವರು ಹೆದರಿ ಕೂರಬೇಕಾದ್ದಿಲ್ಲ. ಯುರೋಪಿನ ಔಷಧ ನಿಯಂತ್ರಕರು 2018ರಲ್ಲಿ ಈ ಔಷಧಿಗಳ ಮಾಹಿತಿ ಹಾಳೆಯಲ್ಲಿ ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಯ ಎಚ್ಚರಿಕೆ ಸೇರಿಸಲು ಸೂಚಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಖಿನ್ನತೆ ಇರುವವರಿಗೆ ಯಾವ ಹಾರ್ಮೋನ್ ವಿಧಾನಕ್ಕೂ ನಿರ್ಬಂಧವಿಲ್ಲ. ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು: ಬಳಸಬಹುದು, ಗಮನ ಇಟ್ಟು ಬಳಸಬೇಕು.

ಸ್ವೀಡನ್‌ನಲ್ಲಿ 340 ಮಹಿಳೆಯರಿಗೆ ಮೂರು ತಿಂಗಳು, ಅರ್ಧ ಜನಕ್ಕೆ 150 ಮೈಕ್ರೊಗ್ರಾಂ ಲಿವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಮತ್ತು 30 ಮೈಕ್ರೊಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಇರುವ ಮಾತ್ರೆ, ಉಳಿದರ್ಧಕ್ಕೆ ಬರೀ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗವೂ ಇದೆ. ಯಾರಿಗೆ ಯಾವುದು ಎಂದು ಗೊತ್ತಿರಲಿಲ್ಲ. ಖಿನ್ನತೆಯ ಅಂಕಗಳಲ್ಲಿ ವ್ಯತ್ಯಾಸ ಬರಲಿಲ್ಲ, ಆದರೆ ಲವಲವಿಕೆ, ಒಟ್ಟಾರೆ ನೆಮ್ಮದಿ ಸ್ವಲ್ಪ ತಗ್ಗಿತ್ತು. ‘ಖಿನ್ನತೆ ಅಂತಲ್ಲ, ಆದರೆ ನಾನು ನಾನಾಗಿಲ್ಲ’ ಎಂದು ಹಲವರು ಹೇಳುವುದನ್ನು ವೈದ್ಯರು ತಳ್ಳಿಹಾಕಬಾರದು ಎನ್ನಲು ಇಷ್ಟು ಆಧಾರ ಸಾಕು.

ಇನ್ನೊಂದು ಮಾತು. ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳುತ್ತಿರುವವರನ್ನು ಕೇಳಿದರೆ ಬಹುತೇಕರು ಚೆನ್ನಾಗಿದೆ ಎನ್ನುತ್ತಾರೆ. ಒಗ್ಗದವರು ಮೊದಲ ತಿಂಗಳುಗಳಲ್ಲೇ ಬಿಟ್ಟುಬಿಟ್ಟಿರುತ್ತಾರೆ. ‘ನನಗೇನೂ ಆಗಲಿಲ್ಲ’ ಎನ್ನುವ ಅಕ್ಕನ ಅನುಭವ ತಂಗಿಗೆ ಖಾತರಿಯಲ್ಲ.

ಸಂಯುಕ್ತ ಮಾತ್ರೆ

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಮಾತ್ರೆ ಇದು. ಅಂಡೋತ್ಪತ್ತಿ ನಿಲ್ಲುತ್ತದೆ, ಬೇಡವೆಂದಾಗ ನಿಲ್ಲಿಸಬಹುದು. ಮುಟ್ಟಿನ ಮುಂಚಿನ ತೊಂದರೆಯೇ ಮುಖ್ಯವಾಗಿದ್ದು, ಗರ್ಭನಿರೋಧಕವೂ ಬೇಕಾಗಿದ್ದರೆ ಮೊದಲು ಯೋಚಿಸಬೇಕಾದ್ದು ಇದನ್ನೇ.

ಪಿಎಂಡಿಡಿಗೆಂದೇ ಪರೀಕ್ಷೆಗೊಳಗಾಗಿ, ಅಮೆರಿಕದಲ್ಲಿ 2006ರಲ್ಲಿ ಅನುಮತಿ ಪಡೆದ ಸಂಯೋಜನೆ ಒಂದಿದೆ: 3 ಮಿಲಿಗ್ರಾಂ ಡ್ರೊಸ್ಪಿರಿನೋನ್ ಎಂಬ ಪ್ರೊಜೆಸ್ಟಿನ್, 20 ಮೈಕ್ರೊಗ್ರಾಂ ಎಥಿನೈಲ್ ಈಸ್ಟ್ರಡಯಾಲ್, 24 ಸಕ್ರಿಯ ಮಾತ್ರೆ, 4 ಖಾಲಿ ಮಾತ್ರೆ. ಪ್ರಯೋಗದಲ್ಲಿ ಲಕ್ಷಣಗಳು ಅರ್ಧಕ್ಕೆ ಇಳಿದವರು ಮಾತ್ರೆಯ ಗುಂಪಿನಲ್ಲಿ 100ಕ್ಕೆ 48, ಹುಸಿ ಮಾತ್ರೆಯ ಗುಂಪಿನಲ್ಲಿ 36. ಪರಿಣಾಮ ನಿಜ, ಪವಾಡವಲ್ಲ. ಬೇರೆ ಪ್ರೊಜೆಸ್ಟಿನ್‌ಗಳನ್ನು ‘ಇದು ಮನಸ್ಸಿಗೆ ಒಳ್ಳೆಯದು, ಇದು ಕೆಟ್ಟದ್ದು’ ಎಂದು ಸಾಲಾಗಿ ನಿಲ್ಲಿಸುವಷ್ಟು ಗಟ್ಟಿ ಆಧಾರ ಇಲ್ಲ. ಒಂದು ಒಗ್ಗದಿದ್ದರೆ ಇನ್ನೊಂದಕ್ಕೆ ಬದಲಾಯಿಸಿ ನೋಡುವುದು ಸರಿಯಾದ ದಾರಿಯೇ. ಬದಲಾಯಿಸುವಾಗ ಬ್ರ್ಯಾಂಡ್ ಬದಲಾಯಿತೋ ಪ್ರೊಜೆಸ್ಟಿನ್ ಬದಲಾಯಿತೋ ಎಂದು ಸ್ಟ್ರಿಪ್‌ನ ಹಿಂಭಾಗ ಓದಿ. ಹೆಸರು ಬೇರೆಯಾಗಿ ಒಳಗಿನ ಔಷಧಿ ಅದೇ ಆಗಿರುವುದು ಎಷ್ಟೋ ಸಲ.

ಸ್ಟ್ರಿಪ್ ಅನ್ನೇ ಸ್ವಲ್ಪ ಗಮನಿಸಿ. ಹಳೆಯ ಮಾದರಿಯಲ್ಲಿ 21 ಮಾತ್ರೆ, ಆಮೇಲೆ 7 ದಿನ ಬಿಡುವು. ಆ ಏಳು ದಿನದಲ್ಲಿ ಹಾರ್ಮೋನ್ ದಢಕ್ಕನೆ ಇಳಿಯುತ್ತದೆ, ಅಂಡಾಶಯ ಮತ್ತೆ ಕಣ್ಣು ಬಿಡಲು ಶುರು ಮಾಡುತ್ತದೆ. ತಲೆನೋವು, ಅಳು, ಆತಂಕ ಸರಿಯಾಗಿ ಆ ವಾರದಲ್ಲೇ ಬರುತ್ತಿದ್ದರೆ ತಪ್ಪು ಮಾತ್ರೆಯದ್ದಾಗಿರಲಿಕ್ಕಿಲ್ಲ, ಬಿಡುವಿನದ್ದು. ಬಿಡುವನ್ನು 4 ದಿನಕ್ಕೆ ಇಳಿಸಬಹುದು, ಅಥವಾ ಮೂರು ನಾಲ್ಕು ಸ್ಟ್ರಿಪ್‌ಗಳನ್ನು ಬಿಡುವಿಲ್ಲದೆ ಒಂದರ ಹಿಂದೆ ಒಂದು ತೆಗೆದುಕೊಳ್ಳಬಹುದು. ಬಿಡುವಿನಲ್ಲಿ ಆಗುವ ಸ್ರಾವ ನಿಜವಾದ ಮುಟ್ಟಲ್ಲ, ಪ್ರತಿ ತಿಂಗಳು ಆಗಲೇಬೇಕೆಂಬ ನಿಯಮವೂ ಇಲ್ಲ. ‘ಕೆಟ್ಟ ರಕ್ತ’ ಒಳಗೇ ಉಳಿಯುತ್ತದೆ ಎಂಬುದಂತೂ ಸುಳ್ಳು. ಮೊದಲ ಕೆಲವು ತಿಂಗಳು ನಡುನಡುವೆ ರಕ್ತದ ಕಲೆ ಕಾಣಿಸಬಹುದು. ಹೀಗೆ ಬಿಡುವಿಲ್ಲದೆ ತೆಗೆದುಕೊಳ್ಳಲು ಪ್ರತಿ ಮಾತ್ರೆಯಲ್ಲೂ ಪ್ರಮಾಣ ಒಂದೇ ಇರುವ ಸ್ಟ್ರಿಪ್ ಬೇಕು. ವಾರಕ್ಕೊಂದು ಬಣ್ಣ, ವಾರಕ್ಕೊಂದು ಪ್ರಮಾಣ ಇರುವವು ಮನಸ್ಸು ಸೂಕ್ಷ್ಮವಾಗಿರುವವರಿಗೆ ಒಳ್ಳೆಯ ಆಯ್ಕೆಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಮಾತ್ರೆ ಮರೆತ ದಿನಗಳಲ್ಲೂ ಇದೇ ಇಳಿತ ಆಗುತ್ತದೆ. ವಾರಕ್ಕೊಮ್ಮೆಯಾದರೂ ಮರೆಯುವವರಿಗೆ ಮಾತ್ರೆಯೇ ಬೇಡ. ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100ರಲ್ಲಿ ಸುಮಾರು 7 ಮಂದಿ ಮಾತ್ರೆಯ ನಡುವೆಯೇ ಗರ್ಭಿಣಿಯಾಗುತ್ತಾರೆ.

ಯಾರಿಗೆ ಈಸ್ಟ್ರೋಜನ್ ಕೂಡದು? ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡ ನಂತರ ಬರುವ ಮೈಗ್ರೇನ್ ಇರುವವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ಬಿಪಿ ಹೆಚ್ಚಿರುವವರಿಗೆ, 35 ದಾಟಿ ಧೂಮಪಾನ ಮಾಡುವವರಿಗೆ, ಹೆರಿಗೆಯಾದ ಮೊದಲ ವಾರಗಳಲ್ಲಿ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ವರ್ಷಕ್ಕೆ 10,000 ಮಹಿಳೆಯರಲ್ಲಿ ಮಾತ್ರೆ ಇಲ್ಲದೆ ಸುಮಾರು 2, ಲಿವೊನಾರ್ಜೆಸ್ಟ್ರೆಲ್ ಮಾತ್ರೆಗೆ 5ರಿಂದ 7, ಡ್ರೊಸ್ಪಿರಿನೋನ್ ಸಂಯುಕ್ತ ಮಾತ್ರೆಗೆ 9ರಿಂದ 12. ಡ್ರೊಸ್ಪಿರಿನೋನ್ ಪೊಟ್ಯಾಸಿಯಂ ಅನ್ನೂ ಏರಿಸಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಪ್ಯಾಚ್ ಮತ್ತು ರಿಂಗ್ ಕೂಡ ಇದೇ ಕುಟುಂಬದವು, ಈಸ್ಟ್ರೋಜನ್ ನಿರ್ಬಂಧಗಳೂ ಅವೇ. ಮಾತ್ರೆ ಮರೆಯುವ ತಾಪತ್ರಯ ಇಲ್ಲ. ಪ್ಯಾಚ್‌ನಿಂದ ರಕ್ತಕ್ಕೆ ಸೇರುವ ಒಟ್ಟು ಈಸ್ಟ್ರೋಜನ್ ಸಾಮಾನ್ಯ ಮಾತ್ರೆಗಿಂತ ಹೆಚ್ಚು, ರಿಂಗ್‌ನಿಂದ ಕಡಿಮೆ ಮತ್ತು ಹೆಚ್ಚು ಸಮ.

ಪ್ರೊಜೆಸ್ಟಿನ್ ಮಾತ್ರ ಇರುವವು

ಮಾತ್ರೆಗಳಲ್ಲೇ ಮೂರು ಬಗೆ ಇದೆ. ಹಳೆಯ ಕಡಿಮೆ ಪ್ರಮಾಣದ ಮಾತ್ರೆಗಳು ಅಂಡೋತ್ಪತ್ತಿಯನ್ನು ಎಲ್ಲ ತಿಂಗಳೂ ತಡೆಯುವುದಿಲ್ಲ, ಮೂರು ಗಂಟೆ ತಡವಾದರೂ ರಕ್ಷಣೆ ಕೈಕೊಡುತ್ತದೆ. 75 ಮೈಕ್ರೊಗ್ರಾಂ ಡೆಸೊಜೆಸ್ಟ್ರೆಲ್ ಮಾತ್ರೆ ಅಂಡೋತ್ಪತ್ತಿಯನ್ನು ಬಹುಪಾಲು ತಡೆಯುತ್ತದೆ, 12 ಗಂಟೆಯ ಸಮಯ ಕೊಡುತ್ತದೆ, ಬಿಡುವಿಲ್ಲ. 4 ಮಿಲಿಗ್ರಾಂ ಡ್ರೊಸ್ಪಿರಿನೋನ್ ಮಾತ್ರೆಗೆ 24 ಗಂಟೆಯ ಸಮಯ ಇದೆ. ಮೈಗ್ರೇನ್ ಕಾರಣಕ್ಕೆ ಈಸ್ಟ್ರೋಜನ್ ಕೂಡದವರು ಇವೆರಡರಲ್ಲಿ ಒಂದನ್ನು ಪ್ರಯತ್ನಿಸಬಹುದು. ಆದರೆ ಮುಟ್ಟಿನ ಮುಂಚಿನ ತೊಂದರೆಗೆ ಇವು ಕೆಲಸ ಮಾಡುತ್ತವೆ ಎನ್ನಲು ಸಂಯುಕ್ತ ಮಾತ್ರೆಗಿರುವಷ್ಟು ಪುರಾವೆ ಇಲ್ಲ.

ತೋಳಿನ ಚರ್ಮದ ಕೆಳಗೆ ಇಡುವ ಇಂಪ್ಲಾಂಟ್‌ನಲ್ಲಿ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಇರುತ್ತದೆ. ಗರ್ಭ ತಡೆಯುವುದರಲ್ಲಿ ಇದಕ್ಕಿಂತ ಉತ್ತಮವಾದದ್ದು ಇಲ್ಲ. ಹಾರ್ಮೋನ್ ಆರಂಭದ ವಾರಗಳಲ್ಲಿ ಹೆಚ್ಚು ಬಂದು ನಿಧಾನಕ್ಕೆ ತಗ್ಗುತ್ತದೆ. ಒಗ್ಗದಿದ್ದರೆ ಸ್ಥಳೀಯ ಅರಿವಳಿಕೆ ಕೊಟ್ಟು ಕೆಲವೇ ನಿಮಿಷದಲ್ಲಿ ತೆಗೆಯಬಹುದು, ವಾರದೊಳಗೆ ರಕ್ತದಿಂದ ಹಾರ್ಮೋನ್ ಮಾಯವಾಗುತ್ತದೆ. ಹಾಕಿಸಿಕೊಳ್ಳುವ ಮುಂಚೆಯೇ ‘ಬೇಡವೆಂದರೆ ಯಾವಾಗ ಬೇಕಾದರೂ ತೆಗೆಯುತ್ತೀರಾ’ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದಿನ ವಿಷಯದಲ್ಲಿ ನಮ್ಮ ಸಲಹೆ ನೇರ. ಹಿಂದೆ ತೀವ್ರ ಖಿನ್ನತೆ ಬಂದಿದ್ದವರು, ಅಥವಾ ಬೇರೆ ಹಾರ್ಮೋನ್ ವಿಧಾನದಲ್ಲಿ ಮನಸ್ಸು ಕುಸಿದಿದ್ದವರು ಇದರಿಂದ ಆರಂಭಿಸಬೇಡಿ. 150 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರಾನ್ ಒಮ್ಮೆ ಸ್ನಾಯುವಿಗೆ ಹೋದರೆ ವಾಪಸ್ ತೆಗೆಯುವ ದಾರಿಯಿಲ್ಲ, ಕನಿಷ್ಠ 12ರಿಂದ 13 ವಾರ ಕಾಯಲೇಬೇಕು. ಅಂಡೋತ್ಪತ್ತಿ ಸಹಜಕ್ಕೆ ಮರಳಲು ಇನ್ನೂ ತಿಂಗಳುಗಳು ಹಿಡಿಯಬಹುದು. ಅದು ಎಲ್ಲರ ಮನಸ್ಸನ್ನೂ ಕೆಡಿಸುತ್ತದೆ ಎಂದಲ್ಲ. ಕೆಟ್ಟರೆ ಕೈಯಲ್ಲಿ ಉಪಾಯ ಇರುವುದಿಲ್ಲ ಎಂಬುದು ಚಿಂತೆ.

ಹಾರ್ಮೋನ್ ವಂಕಿ, ಕಾಪರ್-ಟಿ

52 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಇರುವ ವಂಕಿ ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಮಾತ್ರ ಬಿಡುತ್ತದೆ, ಅದೂ ಗರ್ಭಕೋಶದ ಒಳಗೆ. ರಕ್ತದಲ್ಲಿ ಮಟ್ಟ ಮಾತ್ರೆಗಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ: ಸ್ರಾವ ನಿಂತಿತೆಂದರೆ ಪಿಎಂಎಸ್ ಕೂಡ ನಿಂತೀತು ಎಂದು. ವಂಕಿ ಇರುವ ಬಹುತೇಕರಲ್ಲಿ ಅಂಡೋತ್ಪತ್ತಿ ನಡೆಯುತ್ತಲೇ ಇರುತ್ತದೆ. ಹೊಟ್ಟೆನೋವು, ಅತಿಸ್ರಾವ ತಗ್ಗಿದರೂ ತಿಂಗಳ ಸಿಟ್ಟು, ಆತಂಕ ಮುಂದುವರಿಯುತ್ತವೆ. ಸ್ರಾವದ ಗುರುತು ಇಲ್ಲದ್ದರಿಂದ ‘ಇದು ಯಾಕೆ ಬಂತು’ ಎಂದೂ ತಿಳಿಯುವುದಿಲ್ಲ. ಪಿಎಂಡಿಡಿಗೆ ಚಿಕಿತ್ಸೆಯೆಂದು ಇದನ್ನು ಆರಿಸಬೇಡಿ. ಅತಿಸ್ರಾವ ಇದ್ದು ಮನಸ್ಸಿನ ತೊಂದರೆ ಇಲ್ಲದವರಿಗೆ ಇದು ಬಹಳ ಒಳ್ಳೆಯದು.

ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ. 380 ಮಾದರಿಯದ್ದು 10 ವರ್ಷ ಕೆಲಸ ಮಾಡುತ್ತದೆ. ಮನಸ್ಸನ್ನು ಕೆಡಿಸುವುದೂ ಇಲ್ಲ, ಸರಿ ಮಾಡುವುದೂ ಇಲ್ಲ. ಮೊದಲ ತಿಂಗಳುಗಳಲ್ಲಿ ಸ್ರಾವ, ಹೊಟ್ಟೆನೋವು ಹೆಚ್ಚುತ್ತದೆ. ರಕ್ತಹೀನತೆ ಇರುವವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಹಾರ್ಮೋನ್ ವಿಧಾನ ಎರಡು ಸಲ ಕೈಕೊಟ್ಟವರಿಗೆ ಮೂರನೆಯ ಪ್ರಯೋಗಕ್ಕಿಂತ ಇದೇ ಮೇಲು.

ಹಾಗಾದರೆ ಮುಟ್ಟಿನ ಮುಂಚಿನ ತೊಂದರೆಗೆ? ಗರ್ಭನಿರೋಧಕದಿಂದಲೇ ಎರಡೂ ಕೆಲಸ ಮಾಡಿಸಬೇಕೆಂದಿಲ್ಲ. ಪಿಎಂಡಿಡಿಗೆ ಹೆಚ್ಚು ಪುರಾವೆ ಇರುವ ಔಷಧಿಗಳು ಸರ್ಟ್ರಲಿನ್, ಫ್ಲುಆಕ್ಸೆಟಿನ್‌ನಂಥವು. ಖಿನ್ನತೆಗೆ ವಾರಗಟ್ಟಲೆ ಹಿಡಿಯುವ ಇವು ಪಿಎಂಡಿಡಿಯಲ್ಲಿ ಕೆಲವೇ ದಿನಗಳಲ್ಲಿ ಪರಿಣಾಮ ತೋರುತ್ತವೆ. ಹಾಗಾಗಿ ಮುಟ್ಟಿಗೆ ಸುಮಾರು 14 ದಿನ ಇರುವಾಗ ಶುರು ಮಾಡಿ ಸ್ರಾವ ಆರಂಭವಾದಾಗ ನಿಲ್ಲಿಸುವ ಕ್ರಮವೂ ಇದೆ. ಸರ್ಟ್ರಲಿನ್‌ಗೆ ಸಾಮಾನ್ಯ ಆರಂಭದ ಪ್ರಮಾಣ 50 ಮಿಲಿಗ್ರಾಂ. ತಿಂಗಳಿಡೀ ಖಿನ್ನತೆ ಇರುವವರಿಗೆ, ಅಂದರೆ ನೋಟ್‌ಬುಕ್‌ನ ಎರಡನೆಯ ಚಿತ್ರದವರಿಗೆ, ಈ ಅರ್ಧ ತಿಂಗಳ ಕ್ರಮ ಸಾಲದು. ವಾಕರಿಕೆ, ಲೈಂಗಿಕ ಆಸಕ್ತಿ ತಗ್ಗುವುದು ಇವುಗಳ ಮುಖ್ಯ ಅಡ್ಡಪರಿಣಾಮ. ಹಿಂದೆ ಉನ್ಮಾದದ ಹಂತ ಬಂದಿದ್ದರೆ ಮನೋವೈದ್ಯರಿಗೆ ಹೇಳದೆ ಮುಟ್ಟಬಾರದು.

ಈಗಾಗಲೇ ಔಷಧಿ ನಡೆಯುತ್ತಿದ್ದರೆ

ಸರ್ಟ್ರಲಿನ್, ಫ್ಲುಆಕ್ಸೆಟಿನ್, ಎಸಿಟಲೊಪ್ರಾಮ್ ಗರ್ಭನಿರೋಧಕದ ಬಲ ಕುಗ್ಗಿಸುವುದಿಲ್ಲ. ತೊಂದರೆ ಕೊಡುವವು ಬೇರೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಖಿನ್ನತೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಗಿಡಮೂಲಿಕೆಯೂ ಹಾಗೆಯೇ. ಇವುಗಳ ಜೊತೆ ಕಾಪರ್-ಟಿ ಅಥವಾ ಹಾರ್ಮೋನ್ ವಂಕಿ ಸುರಕ್ಷಿತ. ಮೂರ್ಛೆರೋಗಕ್ಕೂ ಬೈಪೋಲಾರ್‌ಗೂ (ಉನ್ಮಾದ, ಖಿನ್ನತೆ ಎರಡೂ ಬರುವ ಕಾಯಿಲೆ) ಕೊಡುವ ಲ್ಯಾಮೊಟ್ರಿಜಿನ್‌ನದ್ದು ಉಲ್ಟಾ ಕಥೆ: ಈಸ್ಟ್ರೋಜನ್ ಇರುವ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನೇ ಸುಮಾರು ಅರ್ಧಕ್ಕೆ ಇಳಿಸುತ್ತದೆ, ಬಿಡುವಿನ ವಾರದಲ್ಲಿ ಅದು ಮತ್ತೆ ಏರುತ್ತದೆ. ಬೈಪೋಲಾರ್ ಇರುವವರಲ್ಲಿ ಸ್ಥಿರವಾಗಿದ್ದ ಮನಸ್ಸು ಮಾತ್ರೆ ಶುರು ಮಾಡಿದ ಮೇಲೆ ಏಕಾಏಕಿ ಕದಡಿದರೆ ಮೊದಲು ಇದನ್ನು ಅನುಮಾನಿಸಿ. ಇದೇ ಕಾಯಿಲೆಗಳಿಗೆ ಕೊಡುವ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರಿಗೆ ಗರ್ಭ ನಿಂತರೆ ಭ್ರೂಣಕ್ಕೆ ಗಂಭೀರ ಅಪಾಯ ಇರುವುದರಿಂದ ಮರೆಯಲು ಅವಕಾಶವೇ ಇಲ್ಲದ ವಿಧಾನ ಬೇಕು.

ಶುರು ಮಾಡಿದ ಮೇಲೆ

ನೋಟ್‌ಬುಕ್ ಅನ್ನು ಮೂರು ಸ್ಟ್ರಿಪ್ ಮುಗಿಯುವವರೆಗೂ ಮುಂದುವರಿಸಿ. ಸ್ವಲ್ಪ ಸಿಡುಕು, ಸ್ತನಗಳು ಭಾರವೆನಿಸುವುದು, ವಾಕರಿಕೆ ಎರಡು ಮೂರು ತಿಂಗಳಲ್ಲಿ ತಾನಾಗಿ ತಗ್ಗುವುದುಂಟು, ಅಷ್ಟಕ್ಕೆ ಬಿಡಬೇಡಿ. ಆದರೆ ಮೊದಲು 1, 2 ಇದ್ದ ಸಾಲುಗಳು ಎರಡು ವಾರ ಸತತ 4, 5ರಲ್ಲಿ ನಿಂತರೆ ‘ಮೂರು ತಿಂಗಳು ನೋಡಿ’ ಎಂಬ ಮಾತಿಗೆ ಕಾಯಬೇಕಾಗಿಲ್ಲ. ಹದಿಹರೆಯದ ಮಗಳು ಶುರು ಮಾಡಿದ್ದರೆ ಮನೆಯವರೂ ಗಮನಿಸಲಿ: ಹೆಚ್ಚು ಅಳು, ಹೆಚ್ಚು ನಿದ್ದೆ, ಊಟ ಬೇಡವೆನ್ನುವುದು. ಸಾಯಬೇಕು ಎಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ನಿಲ್ಲಿಸುವಾಗ ಆ ದಿನದಿಂದಲೇ ಕಾಂಡೋಮ್ ಬೇಕು. ಬಿಡುವಿನ ನಂತರದ ಮೊದಲ ವಾರದಲ್ಲಿ ನಿಲ್ಲಿಸಿದರೆ ಹಿಂದಿನ ಕೆಲವು ದಿನಗಳ ಸಂಪರ್ಕದಿಂದಲೂ ಗರ್ಭ ನಿಲ್ಲಬಹುದು. ಸಾಧ್ಯವಾದರೆ ಸತತ ಏಳು ಮಾತ್ರೆ ಮುಗಿಸಿ ನಿಲ್ಲಿಸಿ. ನಿಲ್ಲಿಸಿದ ಮೊದಲ ದಿನಗಳ ಇಳಿತವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಒಂದು ಪೂರ್ತಿ ಸಹಜ ಚಕ್ರ ಕಳೆಯಲಿ.

ವೈದ್ಯರ ಬಳಿ ಹೋಗುವಾಗ ಕೈಯಲ್ಲಿರಬೇಕಾದ್ದು: ಅಂಕಗಳ ನೋಟ್‌ಬುಕ್, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರು, ಇತ್ತೀಚಿನ ಬಿಪಿ, ಮೈಗ್ರೇನ್ ಇದ್ದರೆ ಅದರ ವಿವರ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಅದು, ಮತ್ತು ಹಿಂದೆ ಒಗ್ಗದ ಮಾತ್ರೆಯ ಖಾಲಿ ಸ್ಟ್ರಿಪ್. ಬಣ್ಣ ಹೇಳಿದರೆ ಗೊತ್ತಾಗುವುದಿಲ್ಲ, ಹಿಂಭಾಗದಲ್ಲಿ ಅಚ್ಚಾದ ಹೆಸರು, ಪ್ರಮಾಣ ಬೇಕು.